ನಾಲ್ಕನೇ ಮಹಡಿಯ ಹತ್ತು ಆಂಪಿಯರ್

ನಮ್ಮ ಬೈರೂತಿನಲ್ಲಿ ಯಾರಾದರೂ "ಸರ್ಕಾರ ಬಂತು" ಎಂದು ಕೂಗಿದರೆ ಮಂತ್ರಿಗಳನ್ನು ಹುಡುಕಿಕೊಂಡು ಬಾಲ್ಕನಿಗೆ ಓಡಬೇಡಿ. ಸರ್ಕಾರದ ಕರೆಂಟು ಬಂತು ಎಂದು ಅರ್ಥ, ಅಷ್ಟೇ. ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಕೂತಿರುತ್ತದೆ ಎಂಬುದು ಸರ್ಕಾರಕ್ಕೂ ಗೊತ್ತಿರುವುದಿಲ್ಲ. ಬಂದಾಗ ಬೀದಿಯ ಪಂಪು, ಲಿಫ್ಟು, ಬಟ್ಟೆ ಒಗೆಯುವ ಯಂತ್ರಗಳೆಲ್ಲ ಒಟ್ಟಿಗೆ ಎದ್ದು ಕುಣಿಯುತ್ತವೆ. ಅದು ಹೋದ ಮೇಲೆ ನಮ್ಮನ್ನು ಆಳುವವನು ಅಬು ಗಂತೂಸ್. ಬೀದಿಯ ಮೂಲೆಯ ಖಾಲಿ ಜಾಗದಲ್ಲಿ ಅವನ ಜನರೇಟರ್ ಇದೆ. ಅಲ್ಲಿಂದ ಹೊರಟ ವೈರುಗಳು ಹೆಣೆದ ಜಡೆಯಂತೆ ಮನೆಮನೆಗೂ ಹೋಗುತ್ತವೆ.

ಅಬು ಗಂತೂಸ್ ಕರೆಂಟನ್ನು ಆಂಪಿಯರ್ ಲೆಕ್ಕದಲ್ಲಿ ಮಾರುತ್ತಾನೆ. ಐದು ಕೊಂಡವರು ಐದರೊಳಗೇ ಬಾಳಬೇಕು. ಒಂದು ಚೂರು ಹೆಚ್ಚಿಗೆ ಎಳೆದರೂ ಕೆಳಗಿನ ಪೆಟ್ಟಿಗೆಯಲ್ಲಿ ಬ್ರೇಕರ್ ಟಪ್ಪೆಂದು ಬಿದ್ದು ಮನೆ ಕತ್ತಲಾಗುತ್ತದೆ. ಹಾಗಾಗಿ ಇಲ್ಲಿಯ ಹೆಂಗಸರಿಗೆ ಮನೆಯ ಒಂದೊಂದು ಸಾಮಾನಿನ ಹಸಿವೂ ಬಾಯಿಪಾಠ. ಫ್ರಿಜ್ಜು ಸಾಧು, ಒಂದೇ ತುತ್ತು ತಿನ್ನುತ್ತದೆ. ಇಸ್ತ್ರಿಪೆಟ್ಟಿಗೆಯೂ ಏಸಿಯೂ ಐದೈದು ನುಂಗುವ ಅಣ್ಣತಮ್ಮಂದಿರು. ಬಟ್ಟೆ ಒಗೆಯುವ ಯಂತ್ರ ನೀರು ಕಾಯಿಸಲು ಶುರು ಮಾಡಿತೋ, ಅದು ಬಕಾಸುರ. ನನ್ನ ನಾದಿನಿ ತನ್ನ ಮಗಳಿಗೆ ಗಂಡು ನೋಡುವಾಗ ಮೊದಲು ಕೇಳಿದ್ದು, "ಹುಡುಗ ಎಷ್ಟು ಆಂಪಿಯರ್?" ಎಂದು.

ನಾವು ಹತ್ತು ಆಂಪಿಯರ್‌ನವರು. ಆದರೆ ಎದೆ ಉಬ್ಬಿಸುವ ಹಾಗಿಲ್ಲ, ಆ ಹತ್ತು ಎರಡು ಮನೆಗೆ. ನಾಲ್ಕನೇ ಮಹಡಿಯ ಬಲಗಡೆ ನಾನು ಹನಾದಿ ಮತ್ತು ನನ್ನ ಗಂಡ ರಮ್ಝಿ. ಎಡಗಡೆ ವಿದಾದ್ ಖಾಲ್ತೊ. ಖಾಲ್ತೊ ಎಂದರೆ ಚಿಕ್ಕಮ್ಮ. ರಕ್ತಸಂಬಂಧವಿಲ್ಲ, ಆದರೂ ಅವರು ನನಗೆ ಚಿಕ್ಕಮ್ಮನೇ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಎರಡು ಮನೆಗಳ ಅಡುಗೆಕೋಣೆಯ ಕಿಟಕಿಗಳು ಒಂದೇ ಗಾಳಿಗಂಡಿಗೆ ತೆರೆದುಕೊಳ್ಳುತ್ತವೆ. ಈ ಗಂಡಿ ನೆಲದಿಂದ ತಾರಸಿಯವರೆಗೆ ನೆಟ್ಟಗೆ ಹೋಗುತ್ತದೆ. ನಮ್ಮ ಕರಾರು ಇಷ್ಟೇ: ಸಂಜೆ ಎಲ್ಲರೂ ಮನೆಗೆ ಬಂದು ಕರೆಂಟಿಗೆ ಬಾಯಿ ಹಾಕುವ ಹೊತ್ತಿನಲ್ಲಿ, ದೊಡ್ಡದೇನಾದರೂ ಹಾಕುವ ಮುಂಚೆ ಗಂಡಿಯೊಳಗೆ ಕೂಗಬೇಕು. ಆ ಕಡೆಯಿಂದ ಉತ್ತರ ಬಂದ ಮೇಲೇ ಸ್ವಿಚ್ಚು.

"ಹನಾದಿ, ನನ್ನ ಕಣ್ಣೇ, ಇಸ್ತ್ರಿಪೆಟ್ಟಿಗೆ ಹಾಕ್ಲಾ?"

"ಹಾಕಿ ಖಾಲ್ತೊ, ನಮ್ಮ ಏಸಿ ಮಲಗಿದೆ."

"ನನ್ನನ್ನ ಮಣ್ಣು ಮಾಡೋಳೇ, ನೂರು ವರ್ಷ ಬಾಳು."

ತನಗಿಂತ ಮುಂಚೆ ನೀನು ಸಾಯಬಾರದು ಎಂಬುದು ಈ ಆಶೀರ್ವಾದದ ಅರ್ಥ. ಇಸ್ತ್ರಿಪೆಟ್ಟಿಗೆಯ ಮಾತಿನಲ್ಲೂ ಅವರು ಅದನ್ನು ಬಿಡುವವರಲ್ಲ.

ಆಗಸ್ಟಿನಲ್ಲಿ ಈ ಕರಾರು ಹಳಿ ತಪ್ಪಿತು. ಸಂಜೆಯಾದರೆ ಸಾಕು, ನಮ್ಮ ಬ್ರೇಕರ್ ಬೀಳತೊಡಗಿತು. ನಾವು ಏನೂ ಹಾಕಿರುತ್ತಿರಲಿಲ್ಲ. ಖಾಲ್ತೊನ ಕೇಳಿದರೆ, "ಫ್ರಿಜ್ಜು, ಒಂದು ಫ್ಯಾನು, ಒಂದು ದೀಪ. ಮೇರಿ ಮಾತೆಯಾಣೆ" ಎನ್ನುತ್ತಿದ್ದರು. ಬಿದ್ದಾಗಲೆಲ್ಲ ಯಾರಾದರೂ ಕತ್ತಲ ಮೆಟ್ಟಿಲಿಳಿದು, ಗಾಳಿಗಂಡಿಯ ಬುಡದಲ್ಲಿರುವ ಪೆಟ್ಟಿಗೆ ತೆರೆದು ಸ್ವಿಚ್ಚು ಎತ್ತಿ, ಮತ್ತೆ ನಾಲ್ಕು ಮಹಡಿ ಹತ್ತಬೇಕು. ಆ ಯಾರಾದರೂ ಯಾವಾಗಲೂ ನಾನೇ. ಯಾಕೆಂದರೆ ಆ ಹೊತ್ತಿಗೆ ನನ್ನ ಗಂಡ ಬೀರುವಿನೊಳಗೆ ಇರುತ್ತಿದ್ದ.

ರಮ್ಝಿಯ ಕಸುಬು ಧ್ವನಿ. ತುರ್ಕಿಯ ಧಾರಾವಾಹಿಗಳಿಗೆ ಅರಬ್ಬಿಯಲ್ಲಿ ಬಾಯಿ ಕೊಡುತ್ತಾನೆ. ಆಗ ನಡೆಯುತ್ತಿದ್ದದ್ದರಲ್ಲಿ ಒಬ್ಬ ಜಮೀನುದಾರ, ಒಬ್ಬ ಡಾಕ್ಟರು, ಮೂರು ತಿಂಗಳಿಂದ ಸಾಯುತ್ತಲೇ ಇದ್ದ ಒಬ್ಬ ತಾತ, ಮೂವರೂ ಅವನೇ. ಸ್ಟುಡಿಯೋದವರು ಡೀಸೆಲ್ ಉಳಿಸಲು ಸಂಜೆ ಬಾಗಿಲು ಹಾಕತೊಡಗಿದ ಮೇಲೆ ಮನೆಯಿಂದಲೇ ಧ್ವನಿ ಮುದ್ರಿಸಿ ಕಳಿಸಬೇಕಾಗಿತ್ತು. ಹೊರಗಿನ ಜನರೇಟರ್ ಸದ್ದು ಕೇಳದಿರುವುದು ಬಟ್ಟೆಬೀರುವಿನಲ್ಲಿ ಮಾತ್ರ. ಅವನು ಬರಿಮೈಯಲ್ಲಿ, ನನ್ನ ಮದುವೆಯ ನಿಲುವಂಗಿಗೂ ಚಳಿಗಾಲದ ಕೋಟುಗಳಿಗೂ ನಡುವೆ ಕೂತು, ಬೆವರಿನಲ್ಲಿ ತೊಯ್ದು, ತಾತನನ್ನು ಸಾಯಿಸುತ್ತಿದ್ದ. ತಾತನ ಕೊನೆಯುಸಿರಿಗೆ ಸರಿಯಾಗಿ ಬ್ರೇಕರ್ ಬೀಳುತ್ತಿತ್ತು. ಮುದ್ರಿಸಿದ್ದೆಲ್ಲ ಅಳಿಸಿಹೋಗುತ್ತಿತ್ತು. ತಾತ ಮತ್ತೆ ಬದುಕುತ್ತಿದ್ದ.

ಎರಡು ಕಂತು ತಡವಾದವು. ಮೂರನೆಯದಕ್ಕೆ ಸ್ಟುಡಿಯೋದಿಂದ ಫೋನು ಬಂತು. ಇವತ್ತು ರಾತ್ರಿಯೊಳಗೆ ಬರದಿದ್ದರೆ ಮೂವರಿಗೂ ಬೇರೆ ಗಂಟಲು ನೋಡಿಕೊಳ್ಳುತ್ತೇವೆ ಎಂದರು.

ಆ ಸಂಜೆ ಮೊದಲ ದೃಶ್ಯಕ್ಕೇ ಕತ್ತಲಾಯಿತು. ನಾನು ಇಳಿದು ಎತ್ತಿ ಬಂದೆ. ಬಾಗಿಲು ದಾಟುವಷ್ಟರಲ್ಲಿ ಮತ್ತೆ ಬಿತ್ತು. ಮತ್ತೆ ಇಳಿದು ಏದುಸಿರು ಬಿಡುತ್ತ ಹತ್ತಿ ಬಂದಾಗ ರಮ್ಝಿ ಬೀರುವಿನಿಂದ ಹೊರಗೆ ಬಂದು ಅಡುಗೆಕೋಣೆಯ ಕಿಟಕಿಯಲ್ಲಿ ನಿಂತಿದ್ದ. ಅವನ ಕಣ್ಣಿನಲ್ಲಿ ತುಂಟತನದ ಮಿಣುಕು. ಆ ಮಿಣುಕನ್ನು ನೋಡಿಯೇ ನಾನು ಅವನನ್ನು ಮದುವೆಯಾಗಿದ್ದು.

"ಸುಮ್ನೆ ನೋಡ್ತಿರು" ಎಂದ.

ಅಬು ಗಂತೂಸನಿಗೆ ಒಂದು ಚಾಳಿಯಿದೆ. ಲೋಡು ಏರಿದಾಗ ಅವನು ಒಂದೊಂದು ಕಟ್ಟಡಕ್ಕೂ ಬಂದು, ಗಾಳಿಗಂಡಿಯ ಬುಡದಲ್ಲಿ ನಿಂತು ಮೇಲಕ್ಕೆ ಬೈಯುತ್ತಾನೆ. ಆಕಾಶವಾಣಿ ಮೇಲಿನಿಂದ ಇಳಿಯುತ್ತದಂತೆ. ನಮಗೆ ಬರುವುದು ಪಾತಾಳವಾಣಿ. ಮೊದಲು ಒಂದು ಒದ್ದೆ ಕೆಮ್ಮು, ಆಮೇಲೆ ಮಹಡಿಯ ಹೆಸರು, ಕೊನೆಗೆ "ಅರ್ಥ ಆಯ್ತಾ, ಹಬೀಬಿ?" ಆ ಹಬೀಬಿಯಲ್ಲಿ ಪ್ರೀತಿ ಬಿಟ್ಟು ಉಳಿದದ್ದೆಲ್ಲ ಇರುತ್ತದೆ.

ರಮ್ಝಿ ಕಿಟಕಿಯಿಂದ ಬಗ್ಗಿ, ಬಾಯಿಗೆ ಅಂಗೈ ಕೊಟ್ಟು, ಗಂಡಿಯ ಆಳಕ್ಕೆ ಕೆಮ್ಮಿದ. ಕೆಮ್ಮು ಬುಡಕ್ಕೆ ಹೋಗಿ, ಅಬು ಗಂತೂಸನಾಗಿ ಮೇಲೆ ಬಂತು.

"ನಾಲ್ಕನೇ ಮಹಡಿ, ಎಡಗಡೆ! ಎಲ್ಲಾ ಆರ್ಸು. ಮೇನ್ ಸ್ವಿಚ್ಚೇ ಇಳಿಸು. ನಾನು ಹೇಳೋ ತನಕ ಮುಟ್ಟಬೇಡ. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನನಗೆಲ್ಲಾ ಗೊತ್ತು. ಅರ್ಥ ಆಯ್ತಾ, ಹಬೀಬಿ?"

ಆಮೇಲೆ ಪಕ್ಕದ ಕಿಟಕಿಯಿಂದ ಖಾಲ್ತೊನ ಧ್ವನಿ ಬಂತು. ಅಷ್ಟು ಸಣ್ಣ ಧ್ವನಿ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. "ಆಯ್ತು ಅಬು ಗಂತೂಸ್. ಆಯ್ತಪ್ಪಾ." ಟಕ್ ಎಂದು ಸ್ವಿಚ್ಚಿಳಿದ ಸದ್ದಾಯಿತು.

ನಾನು ಬಾಯಿಗೆ ಟವೆಲು ತುರುಕಿಕೊಂಡು ನಕ್ಕೆ. ಕರೆಂಟು ಮತ್ತೆ ಅಲುಗಾಡಲಿಲ್ಲ. ಜಮೀನುದಾರ ಗದರಿಸಿದ, ಡಾಕ್ಟರು ಕೈಚೆಲ್ಲಿದ, ತಾತ ಕೊನೆಗೂ ನೆಮ್ಮದಿಯಾಗಿ ಸತ್ತ. ಕಂತು ಹೋಯಿತು. "ಬಂತು, ಚೆನ್ನಾಗಿದೆ" ಎಂದು ಸ್ಟುಡಿಯೋದವರು ಬರೆದರು. ನಾವು ಕಲ್ಲಂಗಡಿ ಕೊಯ್ದು, ಬಿಳಿ ಚೀಸಿನ ಜೊತೆ ತಿಂದು ಮಲಗಿದೆವು.

ಸ್ವಿಚ್ಚು ಇಳಿಸು ಎಂದವನು ಏರಿಸು ಎಂದು ಹೇಳಬೇಕಿತ್ತು. ಅದು ಇಬ್ಬರಿಗೂ ಹೊಳೆಯಲೇ ಇಲ್ಲ.

ಬೆಳಿಗ್ಗೆ ಅರಿಶಿನದ ಕೇಕಿನ ಪರಿಮಳ ಗೋಡೆ ದಾಟಿ ಬಂತು. ಬಾಗಿಲು ತೆರೆದರೆ ಖಾಲ್ತೊ ಕೈಯಲ್ಲಿ ತಟ್ಟೆ ಹಿಡಿದು, ಚರ್ಚಿಗೆ ಹೋಗುವಾಗಿನ ಕಪ್ಪು ಉಡುಪಿನಲ್ಲಿ ನಿಂತಿದ್ದರು. ಕಣ್ಣಿನ ಕೆಳಗೆ ಊದಿಕೊಂಡಿತ್ತು.

"ರಾತ್ರಿಯೆಲ್ಲ ಕತ್ತಲಲ್ಲಿ ಕೂತಿದ್ದೆ, ಹನಾದಿ. ಅವನು ಹೇಳಲೇ ಇಲ್ಲ. ಕೋಪ ಇಳಿದಿಲ್ಲ ಅಂತ ಕಾಣುತ್ತೆ. ನಾನೇ ಹೋಗಿ ತಪ್ಪೊಪ್ಕೊಂಡು ಬರ್ತೀನಿ."

"ಯಾವ ತಪ್ಪು ಖಾಲ್ತೊ?"

"ಅವನಿಗೆ ಗೊತ್ತಾಗಿದೆಯಮ್ಮ. ಎಲ್ಲಾ ಗೊತ್ತು ಅಂತ ಅವನೇ ಹೇಳಿದ್ನಲ್ಲ." ಅವರು ಇನ್ನೂ ಹತ್ತಿರ ಬಂದರು. "ನಿನಗೂ ಹೇಳಬೇಕಿತ್ತು. ಮೇಲಕ್ಕೊಂದು ವೈರು ಕೊಟ್ಟಿದೀನಿ."

ಮೇಲೆ ಎಂದರೆ ತಾರಸಿಯ ತಗಡಿನ ಕೋಣೆ. ಅಲ್ಲಿ ನಮ್ಮ ಕಟ್ಟಡದ ಕಾವಲುಗಾರ ಜುಮ್ಆ, ಅವನ ಹೆಂಡತಿ ಗಾಲ್ಯಾ, ನಾಲ್ಕು ತಿಂಗಳ ಅವಳಿ ಕೂಸುಗಳು ಇರುತ್ತಾರೆ. ಯುದ್ಧದಲ್ಲಿ ಸಿರಿಯಾ ಬಿಟ್ಟು ಬಂದವರು. ಆಗಸ್ಟಿನಲ್ಲಿ ಆ ತಗಡಿನ ಮೇಲೆ ಮೊಟ್ಟೆ ಒಡೆದರೆ ಬೇಯುತ್ತದೆ. ಕೂಸುಗಳ ಮೈಯೆಲ್ಲ ಬೆವರುಗುಳ್ಳೆ ಎದ್ದು, ಒಂದಕ್ಕೆ ಜ್ವರವೂ ಬಂದಾಗ ಡಾಕ್ಟರು ಹೇಳಿದ್ದು ಒಂದೇ ಔಷಧ: ತಂಪಾಗಿ ಇಡಿ. ಖಾಲ್ತೊ ಗಾಳಿಗಂಡಿಯೊಳಗಿಂದ ಮೇಲಕ್ಕೆ ವೈರು ಎಳೆಸಿ ಫ್ಯಾನು ಕೊಟ್ಟಿದ್ದರು. ಸಂಜೆ ಹಾಲು ಕಾಯಿಸಲು ಗಾಲ್ಯಾ ಅದರಲ್ಲೇ ಒಂದು ಕರೆಂಟ್ ಒಲೆಯನ್ನೂ ಸೇರಿಸುತ್ತಿದ್ದಳು. ಬ್ರೇಕರ್ ಬೀಳಿಸುತ್ತಿದ್ದ ಬಕಾಸುರ ಅದೇ. ನನ್ನ ಕರೆಂಟನ್ನು ಇನ್ನೊಬ್ಬರಿಗೆ ಕೊಟ್ಟರೆ ಪಡೆದವರ ವೈರಿನ ಜೊತೆ ಕೊಟ್ಟವರದ್ದನ್ನೂ ಕತ್ತರಿಸುತ್ತೇನೆ ಎಂಬುದು ಅಬು ಗಂತೂಸನ ಕಾನೂನು.

"ಖಾಲ್ತೊ, ನಿಲ್ಲಿ" ಎಂದೆ. ನಿನ್ನೆ ಕೂಗಿದ್ದು ನನ್ನ ಗಂಡ ಎನ್ನಲು ನಾನು ಬಾಯಿ ಹೊಂದಿಸಿಕೊಳ್ಳುವಷ್ಟರಲ್ಲಿ ಅವರು ಮೆಟ್ಟಿಲಿಳಿದು ಒಂದು ತಿರುವು ದಾಟಿದ್ದರು. ಒಳಗೆ ಓಡಿ ರಮ್ಝಿಯನ್ನು ಎಬ್ಬಿಸಿದೆ. ಅವನು ಚಪ್ಪಲಿ ಹುಡುಕಿ, ಅಂಗಿ ತಿರುಗುಮುರುಗಾಗಿ ಹಾಕಿಕೊಂಡು ಬೀದಿಗಿಳಿದಾಗ ಕೇಕು ಅರ್ಧ ಖರ್ಚಾಗಿತ್ತು.

ಅಬು ಗಂತೂಸನಿಗೆ ಏನೂ ಗೊತ್ತಿರಲಿಲ್ಲ. ಹಿಂದಿನ ಸಂಜೆ ಅವನು ಬೈರೂತಿನಲ್ಲೇ ಇರಲಿಲ್ಲ, ಬೆಟ್ಟದ ಮೇಲಿನ ಊರಿಗೆ ತಂಗಿಯ ಮಗನ ನಾಮಕರಣಕ್ಕೆ ಹೋಗಿದ್ದ. ಆದರೆ ವಿಧವೆಯೊಬ್ಬಳು ಕೇಕು ತಂದು, ತನ್ನ ಗದರಿಕೆಗೆ ಹೆದರಿ ಅಳುತ್ತಿದ್ದರೆ, ಗದರಿದವನು ನಾನಲ್ಲ ಎನ್ನಲು ಅವನಿಗೇನು ಹುಚ್ಚೇ? ಮೀಸೆಯ ಮೇಲಿನ ಪುಡಿ ಒರೆಸಿಕೊಂಡು, "ನನಗೆಲ್ಲಾ ಗೊತ್ತು, ವಿದಾದಮ್ಮ. ನೀವೇ ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ" ಎಂದನಂತೆ. "ಒಪ್ಪಿಕೊಂಡದ್ದಕ್ಕೆ ನಿಮ್ಮ ವೈರು ಉಳಿಸಿದೀನಿ."

ಮೇಲಿನದು ಉಳಿಯಲಿಲ್ಲ. ಮಧ್ಯಾಹ್ನ ಅವನ ಆಳು ಬಂದು ಕತ್ತರಿಯಿಂದ ಕತ್ತರಿಸಿ, ವೈರನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದ. ಸಂಜೆಯಿಂದ ಗಾಳಿಗಂಡಿಯೊಳಗೆ ಕೂಸುಗಳ ಅಳು ಇಳಿಯತೊಡಗಿತು. ಒಂದು ನಿಲ್ಲಿಸಿದರೆ ಇನ್ನೊಂದು. ನಮ್ಮ ಮನೆಯಲ್ಲಿ ಕರೆಂಟು ಗಟ್ಟಿಯಾಗಿತ್ತು. ರಮ್ಝಿ ಬೀರುವಿನೊಳಗೆ ಹೋದವನು ಕೋಟುಗಳ ನಡುವೆ ಸುಮ್ಮನೆ ಕೂತಿದ್ದ.

"ಇಲ್ಲೂ ಕೇಳುತ್ತೆ ಕಣೇ" ಎಂದ.

ಎರಡು ದಿನ ಹಾಗೇ ಕಳೆದ ಮೇಲೆ ಅವನು ಅಬು ಗಂತೂಸನ ಬಳಿಗೆ ಹೋದ. ನಾನೂ ಹೋದೆ, ಒಬ್ಬನೇ ಹೋದರೆ ಅರ್ಧ ದಾರಿಯಿಂದ ತಿರುಗುತ್ತಾನೆಂದು. ಜನರೇಟರ್ ಪಕ್ಕದ ಕೊಠಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವನು ಕಾಫಿ ಕುಡಿಯುತ್ತಿದ್ದ. ಆ ಸದ್ದಿನಲ್ಲಿ ತಪ್ಪೊಪ್ಪಿಗೆಯನ್ನೂ ಕಿರುಚಿ ಹೇಳಬೇಕಾಯಿತು.

"ಮುಅಲ್ಲಿಮ್, ಯಜಮಾನ್ರೇ, ಆವತ್ತು ಕೂಗಿದ್ದು ನಾನು! ನಿಮ್ಮ ಥರ!"

"ನನ್ನ ಥರ ಅಂದ್ರೆ?"

ರಮ್ಝಿ ಕೆಮ್ಮಿದ. ಅಬು ಗಂತೂಸನ ಕೈಯಲ್ಲಿದ್ದ ಲೋಟ ನಿಂತಿತು. ರಮ್ಝಿ ಪೂರ್ತಿ ಮಾಡಿದ, ಕೊನೆಯ ಹಬೀಬಿಯವರೆಗೂ. ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದ್ದೆ. ಬಂದದ್ದು ನಗು. ಅವನು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಳುಗಳನ್ನು ಕರೆದು ಇನ್ನೊಮ್ಮೆ ಮಾಡಿಸಿದ. "ನನ್ನ ಹೆಂಡತಿನೂ ಮೋಸ ಹೋಗ್ತಾಳೆ, ಉಸ್ತಾಝ್, ಗುರುವೇ. ಬೇಡಪ್ಪ, ಅವಳ ಮುಂದೆ ಮಾತ್ರ ಮಾಡಬೇಡ."

"ಆ ವೈರು, ಮುಅಲ್ಲಿಮ್. ಕೂಸುಗಳಿವೆ. ಫ್ಯಾನಿಗೆ ಮಾತ್ರ ಸಾಕು."

ಅವನು ನಗು ಒರೆಸಿಕೊಂಡ. ವ್ಯಾಪಾರದ ಮುಖ ಬಂತು.

"ನೋಡು ಹಬೀಬಿ. ನನಗೆ ವಯಸ್ಸಾಯ್ತು, ಎಲ್ಲಾ ಕಟ್ಟಡಕ್ಕೂ ಹೋಗಿ ಕಿರುಚೋಕೆ ಗಂಟಲಿಲ್ಲ. ಫೋನಲ್ಲಿ ಗುಂಪು ಮಾಡಿದೀನಿ, ಇಡೀ ಬೀದಿ ಅದರಲ್ಲಿದೆ. ನಾನು ಬರೆದು ಹಾಕಿದ್ರೆ ಒಬ್ಬರೂ ಓದಲ್ಲ. ನೀನು ದಿನಾ ಸಂಜೆ ನನ್ನ ಧ್ವನೀಲಿ ಹೇಳಿ ಕಳಿಸು, ನಾನು ನನ್ನ ಹೆಸರಲ್ಲಿ ಗುಂಪಿಗೆ ಹಾಕ್ತೀನಿ. ಯಾವಾಗ ಏನು ಆರಿಸಬೇಕು, ಯಾರು ಜಾಸ್ತಿ ಎಳೀತಿದಾರೆ, ಎಲ್ಲಾ ನಾನು ಹೇಳ್ಕೊಡ್ತೀನಿ. ನೀನು ಕೂಗಿದ ದಿನ ಮೇಲೆ ಫ್ಯಾನು ತಿರುಗುತ್ತೆ. ಒಲೆ ಗಿಲೆ ಇಲ್ಲ."

ಅಂದು ಸಂಜೆಯೇ ಶುರುವಾಯಿತು. ಒಂದು ಕೆಮ್ಮು, ಆಮೇಲೆ ಎದುರಿನ ಕಟ್ಟಡದ ಮೂರನೇ ಮಹಡಿಗೆ ಒಂದು ಗದರಿಕೆ. ಸಂದೇಶ ಹೋದ ಕೂಡಲೇ ಆ ಕಟ್ಟಡದ ಏಸಿಗಳು ಒಂದೊಂದಾಗಿ ಉಸಿರು ನಿಲ್ಲಿಸಿದವು. ನಿಜವಾದ ಅಬು ಗಂತೂಸನಿಗೆ ಜನ ಇಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ. ನನ್ನ ಗಂಡ ಅವನಿಗಿಂತ ಚೆನ್ನಾಗಿ ಅವನಾಗುತ್ತಿದ್ದ. ತಾರಸಿಯ ಫ್ಯಾನು ತಿರುಗಿತು. ಕೂಸುಗಳು ಮಲಗಿದವು. ಜುಮ್ಆ ಬಂದು, "ಅಬು ಗಂತೂಸ್ ದೊಡ್ಡ ಮನುಷ್ಯ, ಉಸ್ತಾಝ್" ಎಂದು ರಮ್ಝಿಯ ಮುಂದೆಯೇ ಹೊಗಳಿ ಹೋದ. ಖಾಲ್ತೊಗೆ ನಾವು ಏನೂ ಹೇಳಲಿಲ್ಲ. ಹೇಳುವುದಿದ್ದರೆ ಎಲ್ಲವನ್ನೂ ಹೇಳಬೇಕಿತ್ತು.

ಮುಂದಿನ ವಾರ ಸೆಖೆ ಇನ್ನೂ ಏರಿತು. ಜನರೇಟರ್ ಕಪ್ಪು ಹೊಗೆ ಕಕ್ಕಿ ಕೆಮ್ಮತೊಡಗಿತು, ಅದೂ ರಮ್ಝಿಯನ್ನು ನೋಡಿ ಕಲಿತಂತೆ. ಆ ಸಂಜೆ ಅಬು ಗಂತೂಸ್ ಹೇಳಿಕೊಟ್ಟದ್ದನ್ನು ರಮ್ಝಿ ಫೋನಿನಲ್ಲಿ ಕೇಳಿ, ಇನ್ನೊಮ್ಮೆ ಕೇಳಿ, ನನ್ನ ಕೈಗೆ ಕೊಟ್ಟ.

"ಎಲ್ಲರೂ ಏಸಿ ಆರಿಸಬೇಕು ಅಂತ ಹೇಳು. ಶುರು ಎಲ್ಲಿಂದ ಅಂದ್ರೆ ನಿಮ್ಮ ತಾರಸಿಯಿಂದ. ಕಾವಲುಗಾರನ ಫ್ಯಾನು ಸಂಜೆಯಿಂದ ಬಂದ್. ದುಡ್ಡು ಕೊಡೋರು ಆರಿಸೋವಾಗ ಪುಕ್ಕಟೆಯವನು ತಿರುಗಿಸ್ತಿದ್ರೆ ಜನ ನನ್ನ ಮಾತು ಕೇಳಲ್ಲ. ಹೆಸರು ಹಿಡಿದೇ ಹೇಳು."

"ಹೇಳಬೇಡ" ಎಂದೆ.

"ಹೇಳದಿದ್ರೂ ಫ್ಯಾನಿಲ್ಲ."

ಅವನು ಬೀರುವಿಗೆ ಹೋಗಲಿಲ್ಲ. ಅಡುಗೆಕೋಣೆಯ ಸ್ಟೂಲಿನ ಮೇಲೆ ಕೂತು, ಬೀದಿಯ ಗುಂಪನ್ನೇ ತೆರೆದು, ಗುಂಡಿ ಒತ್ತಿ, ಕೆಮ್ಮದೇ ಮಾತಾಡಿದ. ಸಪ್ಪೆಯಾದ, ಸ್ವಲ್ಪ ಮೂಗಿನಿಂದ ಬರುವ ಧ್ವನಿ. ನನ್ನ ಬಿಟ್ಟರೆ ಅದನ್ನು ಕೇಳಿದವರು ಕಡಿಮೆ.

"ನಾನು ನಾಲ್ಕನೇ ಮಹಡಿಯ ರಮ್ಝಿ. ಇಷ್ಟು ದಿನ ಮಾತಾಡಿದ್ದು ಅಬು ಗಂತೂಸ್ ಅಲ್ಲ, ನಾನು. ವಿದಾದ್ ಖಾಲ್ತೊನ ಹೆದರಿಸಿದ್ದೂ ನಾನೇ. ನಮ್ಮ ತಾರಸೀಲಿ ಎರಡು ಕೂಸಿವೆ. ಏಸಿ ಇರೋರು ಒಬ್ಬರು ಇವತ್ತು ಸಂಜೆ ಆರಿಸಿದ್ರೆ ಅಲ್ಲೊಂದು ಫ್ಯಾನು ತಿರುಗುತ್ತೆ. ಯಾರಾದ್ರೂ ಆರಿಸಿ."

ಕಳಿಸಿದ. ಧಾರಾವಾಹಿಯವನ ಹೊಸ ಪಾತ್ರ ಎಂದುಕೊಂಡವರ ಉತ್ತರಗಳು ಸುರಿದವು. ನಗುವ ಮುಖಗಳು, ಚಪ್ಪಾಳೆ. "ಇದು ಯಾರ ಧ್ವನಿ, ಉಸ್ತಾಝ್? ತುಂಬಾ ಚೆನ್ನಾಗಿದೆ." "ಅಳೋ ಪಾರ್ಟು ಸೂಪರ್." "ಇವನನ್ನ ಬಿಟ್ಟು ಅಬು ಗಂತೂಸನ್ನ ಮಾಡು, ಮಕ್ಕಳು ಕಾಯ್ತಿದಾರೆ." ಎದುರಿನ ಕಟ್ಟಡದ ಏಸಿಗಳು ತೊಟ್ಟಿಕ್ಕುತ್ತಲೇ ಇದ್ದವು. ಒಂದೂ ನಿಲ್ಲಲಿಲ್ಲ.

ನಿಂತದ್ದು ಖಾಲ್ತೊ, ನಮ್ಮ ಬಾಗಿಲಲ್ಲಿ, ಫೋನು ಹಿಡಿದುಕೊಂಡು.

"ನೀನಾ?"

"ನಾನೇ, ಖಾಲ್ತೊ."

"ಅವನೇ ಕೂಗಿದ್ರೆ ನನಗೇನೂ ಅನ್ನಿಸ್ತಿರ್ಲಿಲ್ಲ. ಕೂಗೋದೇ ಅವನ ಹೊಟ್ಟೆಪಾಡು. ನೀನು ನನ್ನ ಗೋಡೆ ಆಚೆ ಮಲಗೋ ಹುಡುಗ." ಅವರು ನನ್ನ ಕಡೆ ತಿರುಗಿದರು. "ನೀನು ನಗ್ತಿದ್ದೆ, ಅಲ್ವಾ? ಅವತ್ತು ಏನೋ ಸದ್ದು ಕೇಳಿಸ್ತು. ಕೆಮ್ಮು ಅಂದ್ಕೊಂಡೆ."

ಉತ್ತರಕ್ಕೆ ಅವರು ಕಾಯಲಿಲ್ಲ. ತಾರಸಿಗೆ ಮೆಟ್ಟಿಲು ಹತ್ತಿ ಹೋದರು. ಇಳಿಯುವಾಗ ಎರಡೂ ಕೂಸುಗಳು ಅವರ ಎದೆಯ ಮೇಲಿದ್ದವು. ಹಿಂದೆ ಗಾಲ್ಯಾ ಬಟ್ಟೆಗಂಟು ಹಿಡಿದು ಬಂದು, ಬಾಗಿಲಲ್ಲಿ ಗಂಟು ಕೊಟ್ಟು, ಒಳಗೆ ಕರೆದರೂ ಒಲ್ಲೆನೆಂದು ಮೇಲಕ್ಕೆ ಹೋದಳು. ಜುಮ್ಆನನ್ನು ಬಿಟ್ಟಿರುವವಳಲ್ಲ. ಎಡಗಡೆಯ ಬಾಗಿಲು ಮುಚ್ಚಿತು. ಗೋಡೆಯಾಚೆ ಖಾಲ್ತೊನ ಹಳೆಯ ಫ್ಯಾನು ಕಿರ್ರೆಂದು ತಿರುಗತೊಡಗಿತು.

ಆಗ ರಮ್ಝಿಯ ಫೋನು ಬಡಿದುಕೊಂಡಿತು. ಅಬು ಗಂತೂಸ್ ನಗುತ್ತಿರಲಿಲ್ಲ.

"ನನ್ನನ್ನ ಬೀದಿ ಮುಂದೆ ಬೊಂಬೆ ಮಾಡಿದೆ. ಜನ ತಮಾಷೆ ಅಂದ್ಕೊಂಡಿದಾರೆ, ನಿನ್ನ ಅದೃಷ್ಟ. ಈಗಲೇ ಸರಿಯಾಗಿ ಹೇಳಿ ಕಳಿಸು, ನಾನು ಹೇಳ್ಕೊಟ್ಟ ಹಾಗೇ. ಇಲ್ಲಾಂದ್ರೆ ಪೆಟ್ಟಿಗೆ ಹತ್ರ ಆಳು ನಿಂತಿದಾನೆ, ನಿನ್ನ ಹತ್ತು ಆಂಪಿಯರ್ ಕತ್ತರಿಸ್ತಾನೆ."

ನಮ್ಮ ಹತ್ತು ಎಂದರೆ ಖಾಲ್ತೊನ ಹತ್ತು. ಅವರ ಫ್ಯಾನು, ಅದರ ಕೆಳಗೆ ಕೂಸುಗಳು. ತಾರಸಿಯಲ್ಲಿ ಈಗ ಉಳಿದವರು ಗಾಲ್ಯಾ ಮತ್ತು ಜುಮ್ಆ ಮಾತ್ರ. ಲೆಕ್ಕ ಇಬ್ಬರ ತಲೆಯಲ್ಲೂ ಒಟ್ಟಿಗೇ ನಡೆಯಿತು. ಈ ಊರಿನವರು ಲೆಕ್ಕದಲ್ಲಿ ಹುಷಾರು.

"ಮೊದಲು ಖಾಲ್ತೊಗೆ ಹೇಳಿ ಬರ್ತೀನಿ" ಎಂದು ಎದ್ದೆ. ಬಾಗಿಲು ತಟ್ಟಿದೆ. ತೆರೆಯಲಿಲ್ಲ. ಕಿಟಕಿಗೆ ಹೋಗಿ ಗಂಡಿಯೊಳಗೆ ಕೂಗಿದೆ. ಕತ್ತರಿಯ ಮಾತು ಹೇಳುವ ಮುಂಚೆಯೇ ಅವರ ಕಿಟಕಿಯ ಬಾಗಿಲು ಮುಚ್ಚಿತು. ಫೋನು ಇನ್ನೊಮ್ಮೆ ಬಡಿದುಕೊಂಡಿತು.

ರಮ್ಝಿ ಬೀರುವಿನೊಳಗೆ ಹೋಗಿ ಬಾಗಿಲೆಳೆದುಕೊಂಡ. ಕೆಮ್ಮು ಕೇಳಿಸಿತು. ಆಮೇಲೆ ಕಾವಲುಗಾರನ ಹೆಸರು, ತಾರಸಿ, ಪುಕ್ಕಟೆ, ಬಂದ್, ಅರ್ಥ ಆಯ್ತಾ, ಹಬೀಬಿ. ಎಲ್ಲೂ ತಡವರಿಸಲಿಲ್ಲ. ಒಂದೇ ಸಲಕ್ಕೆ ಆಯಿತು.

ಎದುರಿನ ಏಸಿಗಳು ನಿಂತವು. ತಲೆಯ ಮೇಲೆ, ತಾರಸಿಯಲ್ಲಿ, ಯಾರೋ ಕುರ್ಚಿ ಎಳೆದುಕೊಂಡು ತಗಡಿನ ಕೋಣೆಯಿಂದ ಹೊರಗೆ ಬಂದು ಕೂತ ಸದ್ದಾಯಿತು. ಗೋಡೆಯಾಚೆ ಫ್ಯಾನು ತಿರುಗುತ್ತಲೇ ಇತ್ತು. ಅದರ ಕಿರ್ರಿನ ನಡುವೆ, ಖಾಲ್ತೊನ ಫೋನಿನಿಂದ ನನ್ನ ಗಂಡನ ಸಂದೇಶ ಕೇಳಿಸಿತು. ಮುಗಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಅದನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿದರು.